ಮಂಗಳವಾರವೇ ಬನ್ನಿ: ಎಸಿಸಿ ಬಾಸ್ಕೆಟ್‌ಬಾಲ್ ಟೂರ್ನಿ ನೋಡುವ ಬಗೆ

ಅಮೆರಿಕದ ಉತ್ತರ ಕೆರೊಲಿನಾಕ್ಕೆ ಹೊಸದಾಗಿ ಬಂದ ಕನ್ನಡಿಗರು ಮಾರ್ಚ್ ತಿಂಗಳು ಬಂತೆಂದರೆ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ‘ಎಸಿಸಿ ಟೂರ್ನಿಗೆ ಹೋಗೋಣ ಎಂದಿದ್ದೇವೆ, ಫೈನಲ್ ಟಿಕೆಟ್ ಸಿಗುತ್ತದೆಯೇ?’ ಕ್ಯಾರಿ, ಮೋರಿಸ್‌ವಿಲ್, ಷಾರ್ಲಟ್ ಕಡೆ ನಮ್ಮವರು ಸಾಕಷ್ಟಿದ್ದಾರೆ. ಕಚೇರಿಯಲ್ಲಿ ಸಹೋದ್ಯೋಗಿಗಳು ಒಂದು ವಾರವಿಡೀ ಬೇರೆ ಮಾತೇ ಆಡದಿರುವುದನ್ನು ಕಂಡು ಕುತೂಹಲ ಹುಟ್ಟಿರುತ್ತದೆ. ನನ್ನ ಉತ್ತರವೂ ಪ್ರತಿ ವರ್ಷ ಒಂದೇ. ಫೈನಲ್ ಪಂದ್ಯವನ್ನು ಮನೆಯಲ್ಲಿ ಟಿ.ವಿ.ಯಲ್ಲಿ ನೋಡಿ. ಹೋಗುವುದಾದರೆ ಮೊದಲ ದಿನ ಹೋಗಿ, ಪಟ್ಟಿಯ ತಳದಲ್ಲಿರುವ ತಂಡಗಳು ಆಡುವ ಮಧ್ಯಾಹ್ನ ಹೋಗಿ. ಈ ಕಾಲೇಜು ಬಾಸ್ಕೆಟ್‌ಬಾಲ್ ಟೂರ್ನಿಯ ಜೀವ ಅಲ್ಲಿದೆ.

ಏಕೆ, ಹೇಗೆ ಎಂಬುದನ್ನು ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ಮೊದಲ ಹೆಜ್ಜೆ: ಪಣಕ್ಕೆ ಏನಿದೆ ಎಂದು ತಿಳಿದುಕೊಳ್ಳಿ

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ವಿಶ್ವವಿದ್ಯಾಲಯಗಳು ಕಾನ್ಫರೆನ್ಸ್ ಎಂಬ ಗುಂಪುಗಳಲ್ಲಿ ಸೇರಿಕೊಂಡು ಆಡುತ್ತವೆ. ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್, ಅಂದರೆ ಎಸಿಸಿ, ಅಂಥದ್ದೊಂದು ಗುಂಪು. ಅದು ಹುಟ್ಟಿದ್ದು 1953ರಲ್ಲಿ, ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊ ಊರಿನಲ್ಲಿ. ಮರುವರ್ಷವೇ ರಾಲಿಯಲ್ಲಿ ಮೊದಲ ಪುರುಷರ ಟೂರ್ನಿ ನಡೆಯಿತು. ಡ್ಯೂಕ್, ನಾರ್ತ್ ಕೆರೊಲಿನಾ, ಎನ್.ಸಿ. ಸ್ಟೇಟ್, ವೇಕ್ ಫಾರೆಸ್ಟ್ ಇದರ ಹಳೆಯ ಮನೆಗಳು. 2024–25ರಿಂದ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್, ಬರ್ಕ್ಲಿಗಳೂ ಡಲ್ಲಾಸಿನ ಎಸ್‌ಎಂಯು ಕೂಡ ಸೇರಿ ಸದಸ್ಯರ ಸಂಖ್ಯೆ 18ಕ್ಕೆ ಏರಿದೆ.

ಚಳಿಗಾಲವಿಡೀ ಲೀಗ್ ಪಂದ್ಯಗಳು ಮುಗಿದ ಮೇಲೆ ಪ್ರತಿ ಕಾನ್ಫರೆನ್ಸ್ ತನ್ನದೇ ನಾಕೌಟ್ ಟೂರ್ನಿ ನಡೆಸುತ್ತದೆ. ಅದನ್ನು ಗೆದ್ದವರಿಗೆ ಎನ್‌ಸಿಎಎ, ಅಂದರೆ ದೇಶದ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ, ನಡೆಸುವ ರಾಷ್ಟ್ರೀಯ ಟೂರ್ನಿಗೆ ನೇರ ಪ್ರವೇಶ. 2025ರಲ್ಲಿ ಅದರಲ್ಲಿ ಆಡಿದ 68 ತಂಡಗಳಲ್ಲಿ ಹೀಗೆ ನೇರವಾಗಿ ಬಂದವು 31. ಉಳಿದ 37 ತಂಡಗಳನ್ನು ಒಂದು ಸಮಿತಿ ಆರಿಸಿತು. ನಮ್ಮಲ್ಲಿ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಟೂರ್ನಿ ಆಡಿ ಅಖಿಲ ಭಾರತ ಹಂತಕ್ಕೆ ಹೋಗುವ ಕ್ರಮ ಬಲ್ಲವರಿಗೆ ಇದು ಕೂಡಲೇ ಹೊಳೆಯುತ್ತದೆ. ವ್ಯತ್ಯಾಸ ಇಷ್ಟೇ: ಇಲ್ಲಿ ಲೀಗಿನಲ್ಲಿ ಬಹಳ ಹಿಂದೆ ಉಳಿದ ತಂಡಕ್ಕೂ ಆ ಒಂದು ವಾರದಲ್ಲಿ ಸೋಲದೆ ಆಡಿದರೆ ಬಾಗಿಲು ತೆರೆಯುತ್ತದೆ.

ಎಸಿಸಿಯಲ್ಲಿ ಇನ್ನೂ ಒಂದು ಮಾತಿದೆ. ಲೀಗಿನಲ್ಲಿ ಮೊದಲ ಸ್ಥಾನ ಪಡೆದವರಲ್ಲ, ಟೂರ್ನಿ ಗೆದ್ದವರೇ ಇಲ್ಲಿ ಅಧಿಕೃತ ಚಾಂಪಿಯನ್. ಒಂದು ಕಾಲದಲ್ಲಿ ಇದು ಬಲು ಕಠಿಣ ನಿಯಮವಾಗಿತ್ತು, ಏಕೆಂದರೆ ಒಂದು ಕಾನ್ಫರೆನ್ಸಿನಿಂದ ರಾಷ್ಟ್ರೀಯ ಟೂರ್ನಿಗೆ ಹೋಗಬಹುದಾಗಿದ್ದುದು ಒಂದೇ ತಂಡ. 1974ರ ಫೈನಲ್ ನಡೆದದ್ದು ಗ್ರೀನ್ಸ್‌ಬರೊದಲ್ಲಿ. ಎನ್.ಸಿ. ಸ್ಟೇಟ್ ಮತ್ತು ಮೇರಿಲ್ಯಾಂಡ್ ಎರಡೂ ದೇಶದ ಅತ್ಯುತ್ತಮ ಐದು ತಂಡಗಳ ಸಾಲಿನಲ್ಲಿದ್ದವು. ಪಂದ್ಯ ಹೆಚ್ಚುವರಿ ಅವಧಿಗೆ ಹೋಗಿ 103–100ರಿಂದ ಎನ್.ಸಿ. ಸ್ಟೇಟ್ ಪಾಲಾಯಿತು. ಏಳಡಿಗೂ ಎತ್ತರದ ಟಾಮಿ ಬರ್ಲ್‌ಸನ್ ಒಬ್ಬರೇ 38 ಅಂಕ ಗಳಿಸಿದ್ದರು. ಸೋತ ಮೇರಿಲ್ಯಾಂಡಿಗೆ ಎನ್‌ಸಿಎಎ ಬಾಗಿಲು ಮುಚ್ಚಿತು. ಅದರ ಕೋಚ್ ಲೆಫ್ಟಿ ಡ್ರೀಸೆಲ್ ಪಂದ್ಯದ ನಂತರ ಎದುರಾಳಿಗಳ ಬಸ್ಸು ಹತ್ತಿ, ರಾಷ್ಟ್ರೀಯ ಪ್ರಶಸ್ತಿ ಗೆದ್ದು ಬನ್ನಿ ಎಂದು ಹಾರೈಸಿ ಇಳಿದರು. ಆ ತಂಡ ಗೆದ್ದೇ ಬಂತು. ಮರುವರ್ಷ, 1975ರಲ್ಲಿ, ಎನ್‌ಸಿಎಎ ತನ್ನ ಟೂರ್ನಿಯನ್ನು 32 ತಂಡಗಳಿಗೆ ಹಿಗ್ಗಿಸಿ, ಒಂದೇ ಕಾನ್ಫರೆನ್ಸಿನಿಂದ ಒಂದಕ್ಕಿಂತ ಹೆಚ್ಚು ತಂಡಗಳಿಗೆ ಅವಕಾಶ ಕೊಟ್ಟಿತು. ಟೂರ್ನಿಯ ಬಗ್ಗೆ ಹಿರಿಯರು ಮಾತಾಡುವಾಗ ದನಿ ಇಳಿಸುವುದು ಈ ಪಂದ್ಯದ ಹೆಸರು ಬಂದಾಗ.

ಎರಡನೆಯ ಹೆಜ್ಜೆ: ಡ್ರಾ ಪಟ್ಟಿಯನ್ನು ಕೈಯಾರೆ ಬರೆದುಕೊಳ್ಳಿ

ಮೊಬೈಲಿನಲ್ಲಿ ಎಲ್ಲವೂ ಸಿಗುತ್ತದೆ, ನಿಜ. ಆದರೂ ಒಂದು ಎ4 ಹಾಳೆ ತೆಗೆದುಕೊಂಡು ನೀವೇ ಗೆರೆ ಎಳೆದು ಬರೆದರೆ ಈ ಟೂರ್ನಿಯ ಕಟ್ಟುವಿಕೆ ತಲೆಗೆ ಹತ್ತುತ್ತದೆ.

18 ತಂಡಗಳಲ್ಲಿ ಮೊದಲ 15 ಮಾತ್ರ ಬರುತ್ತವೆ. ಕೊನೆಯ ಮೂರಕ್ಕೆ ಪ್ರವೇಶವೇ ಇಲ್ಲ. ಮಂಗಳವಾರ 10ರಿಂದ 15ನೇ ಶ್ರೇಯಾಂಕದವರು ಆಡುತ್ತಾರೆ: 12ಕ್ಕೆ 13, 10ಕ್ಕೆ 15, 11ಕ್ಕೆ 14 ಎದುರಾಳಿ. ಬುಧವಾರ 5ರಿಂದ 9ನೇ ಶ್ರೇಯಾಂಕದವರು ಇಳಿಯುತ್ತಾರೆ. ಇವರಿಗೆ ಒಂದು ಬೈ, ಅಂದರೆ ಆಡದೆಯೇ ಮುಂದಿನ ಸುತ್ತಿಗೆ ಹೋಗುವ ಅವಕಾಶ, ಸಿಕ್ಕಿರುತ್ತದೆ. ಗುರುವಾರದ ಕ್ವಾರ್ಟರ್‌ಫೈನಲ್‌ಗೆ ಮಾತ್ರ ಮೊದಲ ನಾಲ್ವರು ಬರುತ್ತಾರೆ, ಎರಡು ಬೈಗಳ ವಿಶ್ರಾಂತಿಯೊಂದಿಗೆ. ಶುಕ್ರವಾರ ಸೆಮಿಫೈನಲ್, ಶನಿವಾರ ಫೈನಲ್. ಒಟ್ಟು 14 ಪಂದ್ಯ.

ಈಗ ಹಾಳೆಯ ಮೇಲೆ ಬೆರಳಿಟ್ಟು ನೋಡಿ. ಅಗ್ರ ಶ್ರೇಯಾಂಕದ ತಂಡಕ್ಕೆ ಪ್ರಶಸ್ತಿಗೆ ಮೂರು ಗೆಲುವು ಸಾಕು. ಹತ್ತನೆಯ ಶ್ರೇಯಾಂಕದ ತಂಡಕ್ಕೆ ಐದು ದಿನದಲ್ಲಿ ಐದು ಗೆಲುವು ಬೇಕು, ನಡುವೆ ಒಂದು ದಿನವೂ ಬಿಡುವಿಲ್ಲ. ಇಪ್ಪತ್ತು, ಇಪ್ಪತ್ತೊಂದು ವರ್ಷದ ಹುಡುಗರ ಕಾಲುಗಳ ಮೇಲೆ ಇದು ಎಂಥ ಹೊರೆ ಎಂಬುದು ಗುರುವಾರ ದ್ವಿತೀಯಾರ್ಧದಲ್ಲಿ ಕಾಣುತ್ತದೆ. ಜಿಗಿತ ಕುಗ್ಗುತ್ತದೆ, ದೂರದ ಎಸೆತಗಳು ರಿಂಗಿನ ಮುಂಚೂಣಿಗೆ ಬಡಿದು ಹಿಂದೆ ಬರುತ್ತವೆ. ದಣಿದ ಆಟಗಾರನ ಎಸೆತ ಗಿಡ್ಡವಾಗುತ್ತದೆ, ಉದ್ದವಾಗುವುದಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿ.

ಮೂರನೆಯ ಹೆಜ್ಜೆ: ತಳದಿಂದ ಒಂದು ತಂಡ ಆರಿಸಿಕೊಳ್ಳಿ

ಡ್ಯೂಕ್ ಅಭಿಮಾನಿಯಾಗುವುದು ಸುಲಭ. 2025ರ ಹೊತ್ತಿಗೆ ಅವರು 23 ಬಾರಿ ಈ ಟೂರ್ನಿ ಗೆದ್ದಿದ್ದಾರೆ. ಆದರೆ ನಿಮಗೆ ಇಲ್ಲಿ ಹಳೆಯ ನಂಟು ಯಾವುದೂ ಇಲ್ಲವಾದರೆ ಮಂಗಳವಾರ ಆಡುವ ಆರು ತಂಡಗಳಲ್ಲಿ ಒಂದನ್ನು ನಿಮ್ಮದೆಂದುಕೊಳ್ಳಿ. ಅದು ಸೋತರೆ, ಅದನ್ನು ಸೋಲಿಸಿದ ತಂಡದ ಹಿಂದೆ ಹೋಗಿ. ಹೀಗೆ ಶನಿವಾರದವರೆಗೂ ನಿಮಗೊಂದು ತಂಡ ಇರುತ್ತದೆ.

ಈ ಸಲಹೆ ಸುಮ್ಮನೆ ಹೇಳಿದ್ದಲ್ಲ. 2024ರಲ್ಲಿ ವಾಷಿಂಗ್ಟನ್ ನಗರದ ಟೂರ್ನಿಗೆ ಎನ್.ಸಿ. ಸ್ಟೇಟ್ ಬಂದದ್ದು 10ನೇ ಶ್ರೇಯಾಂಕದೊಂದಿಗೆ, 17 ಗೆಲುವು 14 ಸೋಲುಗಳೊಂದಿಗೆ. ಲೀಗಿನ ಕೊನೆಯ ನಾಲ್ಕೂ ಪಂದ್ಯ ಸೋತಿತ್ತು. ಮಂಗಳವಾರ ಲೂಯಿವಿಲ್ ಸೋತಿತು, ಬುಧವಾರ ಸಿರಾಕ್ಯೂಸ್. ಗುರುವಾರ ಡ್ಯೂಕ್ ತಂಡವನ್ನು 74–69ರಿಂದ ಮಣಿಸಿದಾಗ ಜನ ಕಣ್ಣುಜ್ಜಿಕೊಂಡರು. ಶುಕ್ರವಾರ ವರ್ಜೀನಿಯಾ, ಆ ಪಂದ್ಯದ ವಿಷಯ ಮುಂದೆ ಹೇಳುತ್ತೇನೆ. ಶನಿವಾರ ಅಗ್ರ ಶ್ರೇಯಾಂಕದ ನಾರ್ತ್ ಕೆರೊಲಿನಾ ವಿರುದ್ಧ 84–76. 1987ರ ನಂತರ ಅವರಿಗೆ ಅದೇ ಮೊದಲ ಎಸಿಸಿ ಪ್ರಶಸ್ತಿ. ಟೂರ್ನಿಯ ಶ್ರೇಷ್ಠ ಆಟಗಾರನಾದ ಡಿ.ಜೆ. ಬರ್ನ್ಸ್ ಆರಡಿ ಒಂಬತ್ತಂಗುಲದ ಭಾರಿ ದೇಹದವರು, ಎಡಗೈ ಆಟಗಾರ. ಅವರು ರಿಂಗಿಗೆ ಬೆನ್ನು ಮಾಡಿ ಚೆಂಡು ಹಿಡಿದು ನಿಧಾನವಾಗಿ ಎದುರಾಳಿಯನ್ನು ಹಿಂದಕ್ಕೆ ಒತ್ತುತ್ತಾ ಹೋಗುತ್ತಿದ್ದರು. ಇನ್ನೊಬ್ಬ ಕಾವಲುಗಾರ ನೆರವಿಗೆ ಒಂದು ಹೆಜ್ಜೆ ಸರಿದ ಕ್ಷಣವೇ ಚೆಂಡು ತೆರವಾದ ಮೂಲೆಗೆ ಹಾರಿರುತ್ತಿತ್ತು. ಅಂಥ ಆಟವನ್ನು ನೋಡಬೇಕಾದದ್ದು ಚೆಂಡನ್ನಲ್ಲ, ಆ ಎರಡನೆಯ ಕಾವಲುಗಾರನ ಪಾದಗಳನ್ನು. ಆ ತಂಡ ಅಲ್ಲಿಂದ ಮುಂದೆ ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕರವರೆಗೂ ನಡೆಯಿತು.

ಮರುವರ್ಷ ಅದೇ ಎನ್.ಸಿ. ಸ್ಟೇಟ್ ಲೀಗಿನಲ್ಲಿ ಕೊನೆಯ ಮೂರರಲ್ಲಿ ಉಳಿದು ಟೂರ್ನಿಗೆ ಪ್ರವೇಶವನ್ನೇ ಪಡೆಯಲಿಲ್ಲ. ಹಿಂದಿನ ಚಾಂಪಿಯನ್ ಬಾಗಿಲಾಚೆ. ತಳದ ಮೂರು ತಂಡಗಳನ್ನು ಹೊರಗಿಡುವ ಈ ಏರ್ಪಾಡು ನನಗೆ ಹಿಡಿಸುವುದಿಲ್ಲ. ಎಲ್ಲರಿಗೂ ಒಂದು ಮಧ್ಯಾಹ್ನವಾದರೂ ಸಿಗಬೇಕೆಂಬುದೇ ಈ ಟೂರ್ನಿಯ ನ್ಯಾಯವಾಗಿತ್ತು.

ನಾಲ್ಕನೆಯ ಹೆಜ್ಜೆ: ಕೊನೆಯ ಎರಡು ನಿಮಿಷಗಳ ನಿಯಮ ಕಲಿಯಿರಿ

ಇಡೀ ನಿಯಮಪುಸ್ತಕ ಬೇಕಿಲ್ಲ. ಕಾಲೇಜು ಪುರುಷರ ಪಂದ್ಯ ವೃತ್ತಿಪರರ ಎನ್‌ಬಿಎ ಪಂದ್ಯದಂತೆ ನಾಲ್ಕು ಭಾಗವಲ್ಲ, 20 ನಿಮಿಷಗಳ ಎರಡು ಅವಧಿ. ಸಮವಾದರೆ ಐದು ನಿಮಿಷಗಳ ಹೆಚ್ಚುವರಿ ಅವಧಿ. ಐದು ಫೌಲ್ ಮಾಡಿದ ಆಟಗಾರ ಹೊರಕ್ಕೆ. ಮೂರಂಕದ ಗೆರೆ ರಿಂಗಿನಿಂದ 22 ಅಡಿ ಒಂದೂಮುಕ್ಕಾಲು ಅಂಗುಲ ದೂರ.

ಚೆಂಡು ಕೈಗೆ ಬಂದ 30 ಸೆಕೆಂಡಿನೊಳಗೆ ಎಸೆಯಲೇಬೇಕು. ಈ ಗಡಿಯಾರ ಬರಲು ಇದೇ ಟೂರ್ನಿಯ ಪಂದ್ಯಗಳೂ ಕಾರಣ. 1968ರ ಸೆಮಿಫೈನಲ್‌ನಲ್ಲಿ ಎನ್.ಸಿ. ಸ್ಟೇಟ್ ತಂಡವು ಡ್ಯೂಕನ್ನು ಸೋಲಿಸಿದ ಅಂಕ ಎಷ್ಟು ಗೊತ್ತೇ? 12–10. ಚೆಂಡನ್ನು ಹಿಡಿದು ನಿಲ್ಲುವುದೇ ತಂತ್ರವಾಗಿತ್ತು. 1982ರ ಫೈನಲ್‌ನಲ್ಲಿ ಅಂಕಣದಲ್ಲಿ ಒಂದು ಕಡೆ, ನಾರ್ತ್ ಕೆರೊಲಿನಾದಲ್ಲಿ, ಮೊದಲ ವರ್ಷದ ವಿದ್ಯಾರ್ಥಿ ಮೈಕೆಲ್ ಜೋರ್ಡನ್, ಜೇಮ್ಸ್ ವರ್ದಿ. ಇನ್ನೊಂದು ಕಡೆ, ವರ್ಜೀನಿಯಾದಲ್ಲಿ, ರಾಲ್ಫ್ ಸ್ಯಾಂಪ್ಸನ್; ಮೂವರೂ ಮುಂದೆ ಎನ್‌ಬಿಎ ತಾರೆಗಳಾದವರು. ಅಂಥವರಿದ್ದೂ ಕೊನೆಯ ಸುಮಾರು ಏಳು ನಿಮಿಷ ನಾರ್ತ್ ಕೆರೊಲಿನಾ ಚೆಂಡನ್ನು ಕೈಯಿಂದ ಕೈಗೆ ದಾಟಿಸುತ್ತಾ ಕಾಲ ಕಳೆಯಿತು, 47–45ರಿಂದ ವರ್ಜೀನಿಯಾವನ್ನು ಸೋಲಿಸಿತು. ದೇಶವೆಲ್ಲ ಟಿ.ವಿ.ಯಲ್ಲಿ ಅದನ್ನು ನೋಡಿ ಬೇಸರಗೊಂಡಿತು. ಮುಂದಿನ ಋತುವಿನಲ್ಲಿ ಎಸಿಸಿ ಪ್ರಯೋಗವಾಗಿ ಗಡಿಯಾರ ತಂದಿತು. 1985–86ರಿಂದ ಎಲ್ಲ ಕಾಲೇಜು ಪುರುಷರ ಪಂದ್ಯಗಳಿಗೂ 45 ಸೆಕೆಂಡಿನ ಮಿತಿ ಬಂತು, ಆಮೇಲೆ 35, ಈಗ 30.

ನೀವು ನಿಜವಾಗಿ ಮನದಟ್ಟು ಮಾಡಿಕೊಳ್ಳಬೇಕಾದದ್ದು ಫೌಲ್ ಲೆಕ್ಕ. ಒಂದು ಅವಧಿಯಲ್ಲಿ ಒಂದು ತಂಡ ಏಳನೆಯ ಫೌಲ್ ಮಾಡಿತೆಂದರೆ ಎದುರಾಳಿಗೆ ‘ಒನ್ ಅಂಡ್ ಒನ್’: ಮೊದಲ ಫ್ರೀ ಥ್ರೋ (ಯಾರೂ ಅಡ್ಡಬರದ, ಒಂದಂಕದ ಎಸೆತ) ಒಳಗೆ ಬಿದ್ದರೆ ಮಾತ್ರ ಎರಡನೆಯದು. ತಪ್ಪಿದರೆ ಚೆಂಡು ಜೀವಂತ, ಯಾರು ಹಿಡಿದರೆ ಅವರದು. ಹತ್ತನೆಯ ಫೌಲಿನಿಂದ ಎರಡೂ ಎಸೆತ ಖಚಿತ. ಹಿಂದೆ ಬಿದ್ದ ತಂಡ ಕೊನೆಯ ನಿಮಿಷದಲ್ಲಿ ಬೇಕೆಂದೇ ಫೌಲ್ ಮಾಡುವುದು ಇದೇ ಆಸೆಯಿಂದ. ಮೊದಲ ಸಲ ನೋಡುವವರು ಇದನ್ನು ಒರಟುತನ ಎಂದುಕೊಳ್ಳುತ್ತಾರೆ. ಅಲ್ಲ, ಅದು ಗಡಿಯಾರವನ್ನು ನಿಲ್ಲಿಸಲು ಕೊಡುವ ಬೆಲೆ.

ಈಗ 2024ರ ಶುಕ್ರವಾರಕ್ಕೆ ಬನ್ನಿ. ಎನ್.ಸಿ. ಸ್ಟೇಟ್ 55, ವರ್ಜೀನಿಯಾ 58. ಉಳಿದದ್ದು ಐದು ಸೆಕೆಂಡಿಗೆ ತುಸು ಹೆಚ್ಚು. ವರ್ಜೀನಿಯಾದ ಆಟಗಾರ ಒನ್ ಅಂಡ್ ಒನ್ ಎಸೆಯಲು ಗೆರೆಯ ಬಳಿ ನಿಂತಿದ್ದಾನೆ. ಒಂದು ಬಿದ್ದರೆ ಕಥೆ ಮುಗಿಯಿತು. ಮೊದಲನೆಯದೇ ತಪ್ಪಿತು, ಆದ್ದರಿಂದ ಎರಡನೆಯದು ಇಲ್ಲ. ಎನ್.ಸಿ. ಸ್ಟೇಟ್‌ನ ಮೈಕೆಲ್ ಓಕಾನಲ್ ಕೈಗೆ ಚೆಂಡು ಸಿಕ್ಕಿತು. ಅಂಕಣದುದ್ದ ಓಡಿ ಬಂದು ಬಜರ್ ಹೊಡೆಯುವ ಹೊತ್ತಿಗೆ ಮೂರಂಕದ ಗೆರೆಯಾಚೆಯಿಂದ ಎಸೆದರು. ಚೆಂಡು ಹಲಗೆಗೆ ತಾಗಿ, ರಿಂಗಿನ ಮೇಲೆ ಪುಟಿದು, ಒಂದು ಗಳಿಗೆ ಯೋಚಿಸಿದಂತೆ ನಿಂತು, ಒಳಗೆ ಬಿತ್ತು. 58–58. ಹೆಚ್ಚುವರಿ ಅವಧಿಯಲ್ಲಿ 73–65. ಆ ಒಂದು ನಿಯಮ ಗೊತ್ತಿಲ್ಲದವನಿಗೆ ಇದು ಅದೃಷ್ಟದ ಎಸೆತವಾಗಿ ಮಾತ್ರ ಕಾಣುತ್ತದೆ. ಗೊತ್ತಿದ್ದವನಿಗೆ ಅದಕ್ಕೂ ಮುಂಚಿನ ಐದಾರು ಫೌಲುಗಳೂ ಆ ಎಸೆತದೊಳಗೆ ಕಾಣುತ್ತವೆ.

ಐದನೆಯ ಹೆಜ್ಜೆ: ಟಿಕೆಟ್ ಮತ್ತು ಪ್ರಯಾಣ

ಟೂರ್ನಿ ನಡೆಯುವ ಊರು ಬದಲಾಗುತ್ತಿರುತ್ತದೆ. ಗ್ರೀನ್ಸ್‌ಬರೊ ಅದರ ತವರು. ವಾಷಿಂಗ್ಟನ್, ಬ್ರೂಕ್ಲಿನ್, ಅಟ್ಲಾಂಟಾಗಳಲ್ಲೂ ನಡೆದಿದೆ. 2025 ಮತ್ತು 2026ರಲ್ಲಿ ಷಾರ್ಲಟ್ ನಗರದ ಸ್ಪೆಕ್ಟ್ರಮ್ ಸೆಂಟರ್ ಪಾಲಾಯಿತು. ನೀವು ಹೋಗುವ ವರ್ಷ ಎಲ್ಲಿ ಎಂಬುದನ್ನು ಎಸಿಸಿಯ ಅಧಿಕೃತ ತಾಣದಲ್ಲಿ ಖಚಿತಪಡಿಸಿಕೊಂಡೇ ಹೋಟೆಲ್ ಕಾದಿರಿಸಿ.

ಟಿಕೆಟ್ ಕೊಳ್ಳುವಾಗ ‘ಸೆಷನ್’ ಎಂಬ ಪದ ಗಮನಿಸಿ. ಬುಧವಾರ, ಗುರುವಾರಗಳಲ್ಲಿ ಮಧ್ಯಾಹ್ನ ಒಂದು ಸೆಷನ್, ಸಂಜೆ ಒಂದು. ಒಂದು ಟಿಕೆಟ್ಟಿಗೆ ಎರಡು ಪಂದ್ಯ. ಸೆಷನ್ ಮುಗಿದ ಮೇಲೆ ಎಲ್ಲರನ್ನೂ ಹೊರಗೆ ಕಳಿಸಿ ಮತ್ತೆ ಒಳಗೆ ಬಿಡುತ್ತಾರೆ. ಇಡೀ ವಾರದ ಟಿಕೆಟ್ ಗೊಂಚಲು ಕೊಂಡವರ ತಂಡ ಬೇಗ ಸೋತರೆ, ಅವರು ಉಳಿದ ದಿನಗಳ ಟಿಕೆಟ್ ಮಾರಿ ಊರಿಗೆ ಹೊರಡುತ್ತಾರೆ. ಹಾಗಾಗಿ ಗುರುವಾರ ರಾತ್ರಿ ದೊಡ್ಡ ತಂಡವೊಂದು ಸೋತರೆ, ಶುಕ್ರವಾರದ ಟಿಕೆಟ್ ದರ ಇಳಿಯುವುದನ್ನು ಅಧಿಕೃತ ಮರುಮಾರಾಟದ ಆ್ಯಪ್‌ಗಳಲ್ಲಿ ಕಾಣಬಹುದು. ರಸ್ತೆ ಬದಿಯಲ್ಲಿ ಮೊಬೈಲ್ ತೋರಿಸಿ ಮಾರುವವರಿಂದ ಕೊಳ್ಳಬೇಡಿ. ಅಲ್ಲಿ ಮೋಸ ಹೋದವರನ್ನು ನಾನು ಬಲ್ಲೆ.

ಮೊದಲ ದಿನದ ಲಾಭ ಇದೇ. ದರ ಕಡಿಮೆ, ಆಸನ ಹತ್ತಿರ. ಕೋಚ್ ಆಟಗಾರನ ಹೆಗಲು ಹಿಡಿದು ಹೇಳುವ ಮಾತು ಕೇಳಿಸುವಷ್ಟು ಹತ್ತಿರ. ನೆಲಕ್ಕೆ ಉಜ್ಜುವ ಬೂಟುಗಳ ಕಿರುಚು, ಬದಲಿ ಆಟಗಾರರ ಬೆಂಚಿನಿಂದ ಬರುವ ಕೂಗು, ಕಾಲೇಜಿನ ವಾದ್ಯತಂಡ ಖಾಲಿ ಗ್ಯಾಲರಿಗೆ ನುಡಿಸುವ ತುತ್ತೂರಿ, ಎಲ್ಲವೂ ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತವೆ. ಸೋತ ತಂಡದ ಕೊನೆಯ ವರ್ಷದ ವಿದ್ಯಾರ್ಥಿಗೆ ಬಹುಮಟ್ಟಿಗೆ ಅದೇ ಕೊನೆಯ ಪಂದ್ಯ. ಇನ್ನು ಮೂವತ್ತು ಸೆಕೆಂಡಿದೆ ಎನ್ನುವಾಗ ಕೋಚ್ ಅವನನ್ನು ಹೊರಗೆ ಕರೆಯುತ್ತಾರೆ. ಅವನು ಅಂಗಿಯಂಚಿನಿಂದ ಮುಖ ಮುಚ್ಚಿಕೊಂಡು ಬೆಂಚಿನತ್ತ ನಡೆಯುತ್ತಾನೆ. ಗ್ಯಾಲರಿಯಲ್ಲಿ ಎಲ್ಲೋ ಅವನ ತಂದೆ ತಾಯಿ ಎದ್ದು ನಿಂತಿರುತ್ತಾರೆ. ನೀವೂ ಎದ್ದು ಚಪ್ಪಾಳೆ ತಟ್ಟಿ. ಎದುರಾಳಿ ತಂಡದವರೂ ತಟ್ಟುತ್ತಾರೆ.

ಟೂರ್ನಿ ಷಾರ್ಲಟ್‌ನಲ್ಲಿ ನಡೆದರೆ ರಾಲಿ, ಕ್ಯಾರಿ, ಡರ್ಹಮ್ ಕಡೆಯವರು ಅಲ್ಲಿಗೆ ಕಾರಿನಲ್ಲಿ ಎರಡೂವರೆ ಗಂಟೆ ಹಿಡಿಯಿರಿ, ಸಂಜೆ ಹೊತ್ತು ಐ-85 ಹೆದ್ದಾರಿಯಲ್ಲಿ ಇನ್ನೂ ಹೆಚ್ಚು. ಆಮ್‌ಟ್ರ್ಯಾಕ್‌ನ ಪೀಡ್‌ಮಂಟ್ ರೈಲು ರಾಲಿಯಿಂದ ಹೊರಟು ಕ್ಯಾರಿ, ಡರ್ಹಮ್, ಗ್ರೀನ್ಸ್‌ಬರೊ ಮೂಲಕ ಮೂರು ಗಂಟೆಗೆ ಸ್ವಲ್ಪ ಹೆಚ್ಚಿನ ಸಮಯದಲ್ಲಿ ತಲುಪಿಸುತ್ತದೆ. ಮಕ್ಕಳಿದ್ದರೆ ರೈಲೇ ಮೇಲು. ನಗರದೊಳಗೆ ಲಿಂಕ್ಸ್ ಬ್ಲೂ ಲೈನ್ ಟ್ರಾಮ್ ಕ್ರೀಡಾಂಗಣದ ಪಕ್ಕದಲ್ಲೇ ನಿಲ್ಲುತ್ತದೆ. ದೂರದ ನಿಲ್ದಾಣದಲ್ಲಿ ಕಾರು ಬಿಟ್ಟು ಅದರಲ್ಲಿ ಬಂದರೆ ಪಾರ್ಕಿಂಗ್ ತಲೆನೋವಿಲ್ಲ. ಬ್ಯಾಗಿನ ಅಳತೆಯ ನಿಯಮ ಮೊದಲೇ ಓದಿ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ, ಆದ್ದರಿಂದ ಚಪಾತಿ ಪಲ್ಯ ತಂದಿದ್ದರೆ ಹೊರಗೇ ತಿಂದು ಮುಗಿಸಿ.

ಆರನೆಯ ಹೆಜ್ಜೆ: ಕರ್ನಾಟಕದಿಂದ ನೋಡುವವರಿಗೆ

ಬಹುತೇಕ ವರ್ಷಗಳಲ್ಲಿ ಟೂರ್ನಿಯ ಹೊತ್ತಿಗೆ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗಿರುತ್ತದೆ. ಆಗ ಭಾರತ ಒಂಬತ್ತೂವರೆ ಗಂಟೆ ಮುಂದಿರುತ್ತದೆ. ಅಲ್ಲಿ ಮಧ್ಯಾಹ್ನ 12ರ ಪಂದ್ಯ ನಿಮಗೆ ರಾತ್ರಿ 9:30ಕ್ಕೆ, ಊಟ ಮುಗಿಸಿ ಕೂರಲು ಹೇಳಿ ಮಾಡಿಸಿದ ಸಮಯ. ಸಂಜೆ 7ರ ಪಂದ್ಯ ಮರುದಿನ ನಸುಕಿನ 4:30ಕ್ಕೆ. ಶನಿವಾರ ರಾತ್ರಿ 8:30ಕ್ಕೆ ಶುರುವಾಗುವ ಫೈನಲ್ ಎಂದರೆ ಭಾನುವಾರ ಬೆಳಗ್ಗೆ 6. ಕಾಫಿಯೊಂದಿಗೆ ನೋಡಬಹುದು.

ಕೊನೆಯ ಹೆಜ್ಜೆ: ಶನಿವಾರ ರಾತ್ರಿ ಟಿ.ವಿ. ಮುಂದಿನಿಂದ ಬೇಗ ಏಳಬೇಡಿ

ಫೈನಲ್ ಮುಗಿದ ಕೂಡಲೇ ಟಿ.ವಿ. ಆರಿಸಬೇಡಿ. ಗೆದ್ದವರು ಏಣಿ ತಂದು ರಿಂಗಿನಡಿ ನಿಲ್ಲಿಸುತ್ತಾರೆ. ಒಬ್ಬೊಬ್ಬರಾಗಿ ಹತ್ತಿ ಬಲೆಯ ಒಂದೊಂದು ಎಳೆ ಕತ್ತರಿಸುತ್ತಾರೆ; ಕೊನೆಯ ಎಳೆ ಕೋಚ್‌ಗೆ ಮೀಸಲು. ಈ ಪದ್ಧತಿಯನ್ನು ಉತ್ತರ ಕೆರೊಲಿನಾಕ್ಕೆ ತಂದವರು ಇಂಡಿಯಾನಾದಿಂದ ಬಂದ ಎವರೆಟ್ ಕೇಸ್, 1947ರಲ್ಲಿ. 1954ರ ಮೊದಲ ಎಸಿಸಿ ಟೂರ್ನಿ ಗೆದ್ದ ಎನ್.ಸಿ. ಸ್ಟೇಟ್ ಕೋಚ್ ಕೂಡ ಅವರೇ. ಕ್ಯಾನ್ಸರ್ ಅವರನ್ನು ಹಿಡಿದಾಗ, 1964ರ ಡಿಸೆಂಬರಿನಲ್ಲಿ, ಋತುವಿನ ನಡುವೆಯೇ ಕೆಲಸ ಬಿಟ್ಟರು. ಮೂರು ತಿಂಗಳ ನಂತರ ಅವರ ತಂಡ ಡ್ಯೂಕನ್ನು ಸೋಲಿಸಿ ಮತ್ತೆ ಟೂರ್ನಿ ಗೆದ್ದಾಗ, ನೋಡಲು ಬಂದಿದ್ದ ಆ ಕಾಯಿಲೆಯ ಮನುಷ್ಯನನ್ನು ಹುಡುಗರು ಎತ್ತಿ ಹಿಡಿದರು, ಕೊನೆಯ ಎಳೆ ಅವರೇ ಕತ್ತರಿಸಲಿ ಎಂದು. ಮರುವರ್ಷ ಅವರು ತೀರಿಕೊಂಡರು.

ಭಾನುವಾರ ಸಂಜೆ ರಾಷ್ಟ್ರೀಯ ಟೂರ್ನಿಯ ತಂಡಗಳ ಪಟ್ಟಿ ಪ್ರಕಟವಾಗುತ್ತದೆ. ನೀವು ವಾರವಿಡೀ ತುಂಬಿಸಿದ ಆ ಎ4 ಹಾಳೆಯನ್ನು ಎದುರಿಗಿಟ್ಟುಕೊಳ್ಳಿ. 15 ಹೆಸರುಗಳಲ್ಲಿ ಕರೆ ಬಂದವರ ಮುಂದೆ ಗುರುತು ಹಾಕಿ. ಮಂಗಳವಾರ ನೀವು ಆರಿಸಿಕೊಂಡ ತಂಡದ ಹೆಸರು ಅದರಲ್ಲಿ ಇರಬಹುದು, ಇಲ್ಲದೆಯೂ ಇರಬಹುದು. ಅದರ ಕೊನೆಯ ವರ್ಷದ ಆಟಗಾರರ ಹೆಸರುಗಳು ಮಾತ್ರ ಆ ಹೊತ್ತಿಗೆ ನಿಮಗೆ ಬಾಯಿಪಾಠ ಆಗಿರುತ್ತವೆ.